ರಾತ್ರಿ ಫೋನ್ ಎತ್ತುವವರ ಅಧಿಕಾರ

ನಮ್ಮ ಕಾಲೇಜಿನಿಂದ ಒಂದು ಸೆಮಿಸ್ಟರ್ ಮಟ್ಟಿಗೆ ಹೊರದೇಶಕ್ಕೆ ಹೋಗುವ ಪ್ರತಿ ವಿದ್ಯಾರ್ಥಿಯೂ ಹೊರಡುವ ಮುನ್ನ ಒಂದು ಮುಚ್ಚಳಿಕೆ ಬರೆದುಕೊಡಬೇಕು. ಇ-ಸ್ಟ್ಯಾಂಪ್ ಕಾಗದ, ನೋಟರಿಯ ಮೊಹರು, ವಿದ್ಯಾರ್ಥಿಯ ಸಹಿ, ತಂದೆ ಅಥವಾ ತಾಯಿಯ ಸಹಿ, ಇಬ್ಬರು ಸಾಕ್ಷಿಗಳು. ವಿದೇಶದಲ್ಲಿರುವ ಅವಧಿಯಲ್ಲಿ ನಡೆಯುವ ಯಾವುದೇ ಅವಘಡಕ್ಕೆ ಕಾಲೇಜಿನ ಆಡಳಿತ ಮಂಡಳಿ ಹೊಣೆಯಲ್ಲ ಎಂಬುದು ಅದರ ಸಾರ. ಹಾಸನದ ಒಂದು ಎಂಜಿನಿಯರಿಂಗ್ ಕಾಲೇಜಿನಲ್ಲಿ ಪಾಠ ಹೇಳುವ ನನಗೆ ಅಂತರರಾಷ್ಟ್ರೀಯ ವಿಭಾಗದ ಹೆಚ್ಚುವರಿ ಹೊಣೆಯೂ ಇರುವುದರಿಂದ ಈ ಕಾಗದಗಳೆಲ್ಲ ನನ್ನ ಮೇಜಿನ ಮೂಲಕವೇ ಹಾದು ಕಬ್ಬಿಣದ ಬೀರುವನ್ನು ಸೇರುತ್ತವೆ. ಅವುಗಳನ್ನು ಜೋಡಿಸಿ ಫೈಲಿಗೆ ಹಾಕಿದ ಸಂಜೆ ಕಚೇರಿಯಲ್ಲಿ ಒಂದು ನಿರಾಳ ಭಾವ ಕಾಣಿಸಿಕೊಳ್ಳುತ್ತದೆ. ಅಪಾಯ ನಿರ್ವಹಣೆಯ ಕೆಲಸ ಈ ವರ್ಷದ ಮಟ್ಟಿಗೆ ಮುಗಿಯಿತು ಎಂದು ಎಲ್ಲರೂ ನಂಬುತ್ತಾರೆ. ಆ ನಿರಾಳವೇ ನನ್ನನ್ನು ಬಹಳ ಕಾಲದಿಂದ ಕೊರೆಯುತ್ತಿರುವ ಸಂಗತಿ. ಅಪಾಯ ವಿದ್ಯಾರ್ಥಿಯದು, ನಿರ್ವಹಣೆಯಾದದ್ದು ಮಾತ್ರ ಸಂಸ್ಥೆಯ ಭಯ.

ಕಾನೂನಿನ ಕಣ್ಣಲ್ಲೂ ಇಂಥ ಕಾಗದ ನಾವು ಅಂದುಕೊಂಡಷ್ಟು ಗಟ್ಟಿಯಲ್ಲ. 2014ರ ಜೂನ್‌ನಲ್ಲಿ ಹೈದರಾಬಾದಿನ ಎಂಜಿನಿಯರಿಂಗ್ ವಿದ್ಯಾರ್ಥಿಗಳು ಹಿಮಾಚಲಕ್ಕೆ ಪ್ರವಾಸ ಹೋಗಿದ್ದಾಗ ಲಾರ್ಜಿ ಜಲವಿದ್ಯುತ್ ಯೋಜನೆಯಿಂದ ಬಿಟ್ಟ ನೀರು ಬಿಯಾಸ್ ನದಿಯಲ್ಲಿ ಏಕಾಏಕಿ ಏರಿ 24 ಮಕ್ಕಳು ಕೊಚ್ಚಿಹೋದದ್ದನ್ನು ಓದುಗರು ಮರೆತಿರಲಾರರು. ನೀರು ಬಿಟ್ಟವರ ತಪ್ಪಿನ ಜೊತೆಗೆ ಮಕ್ಕಳನ್ನು ಕರೆದೊಯ್ದವರ ಹೊಣೆಯನ್ನೂ ಹಿಮಾಚಲ ಹೈಕೋರ್ಟ್ ಗುರುತಿಸಿ, ಪರಿಹಾರದ ಒಂದು ಪಾಲನ್ನು ಕಾಲೇಜೂ ಕೊಡಬೇಕೆಂದು ಹೇಳಿತು. ಅದು ದೇಶದೊಳಗಿನ ಪ್ರವಾಸ, ಜೊತೆಯಲ್ಲಿ ಅಧ್ಯಾಪಕರೂ ಇದ್ದರು. ಯಾರೂ ಜೊತೆಗಿಲ್ಲದೆ ಒಬ್ಬ ಹುಡುಗಿ ಪರದೇಶದ ಊರಿನಲ್ಲಿ ಆರು ತಿಂಗಳು ಇರುವಾಗ ನಾವು ಮಾಡಬೇಕಾದದ್ದು ಇನ್ನೂ ಹೆಚ್ಚಿರಬೇಕಲ್ಲವೇ ಎಂಬ ಪ್ರಶ್ನೆಯನ್ನು ನಮ್ಮ ಸಭೆಗಳಲ್ಲಿ ಎತ್ತಿದಾಗ ಬರುವ ಉತ್ತರ ಸಾಮಾನ್ಯವಾಗಿ ಮುಚ್ಚಳಿಕೆಗೆ ಇನ್ನೊಂದು ಷರತ್ತು ಸೇರಿಸೋಣ ಎಂಬುದೇ ಆಗಿರುತ್ತದೆ.

ಮೂಡಿಗೆರೆಯ ತಂದೆಯೊಬ್ಬರ ಪ್ರಶ್ನೆ

ಪೋಷಕರ ಸಭೆಯೊಂದರಲ್ಲಿ ನಾನು ವೀಸಾ, ವಿಮೆ, ಖರ್ಚಿನ ಹಣವನ್ನು ಮೊದಲೇ ಕಟ್ಟಿಡುವ ಜರ್ಮನಿಯ ಬ್ಲಾಕ್ಡ್ ಅಕೌಂಟ್ ಇತ್ಯಾದಿಗಳನ್ನು ವಿವರಿಸಿ ಮುಗಿಸಿದ ಮೇಲೆ ಹಿಂದಿನ ಸಾಲಿನಲ್ಲಿ ಕುಳಿತಿದ್ದ ಒಬ್ಬರು ಎದ್ದು ನಿಂತರು. ಮೂಡಿಗೆರೆ ಕಡೆಯವರು, ಸಣ್ಣ ಕಾಫಿ ಬೆಳೆಗಾರರು. ಮಗಳು ನಮ್ಮಲ್ಲಿ ಎಲೆಕ್ಟ್ರಾನಿಕ್ಸ್ ಓದುತ್ತಿದ್ದಳು. "ಮೇಡಂ, ಅವಳಿಗೆ ಏನಾದ್ರೂ ಆದ್ರೆ ಅಂತ ನಾನು ಕೇಳ್ತಿಲ್ಲ. ಆಗೋದು ಎಲ್ಲಿದ್ರೂ ಆಗುತ್ತೆ. ಆದಾಗ ನಾನು ಯಾರಿಗೆ ಫೋನ್ ಮಾಡ್ಬೇಕು?" ಎಂದರು. ವೇದಿಕೆಯ ಮೇಲಿದ್ದ ಹಿರಿಯರೊಬ್ಬರು ಕಾಲೇಜಿನ ನಂಬರು ಕೈಪಿಡಿಯ ಹಿಂಬದಿಯಲ್ಲೇ ಇದೆಯಲ್ಲ ಎಂದು ಸಮಾಧಾನ ಹೇಳಿದರು. "ಅದು ಐದು ಗಂಟೆಗೆ ಬಂದ್ ಆಗುತ್ತಲ್ಲ ಸಾರ್" ಎಂದು ಅವರು ಅಷ್ಟೇ ಸಮಾಧಾನದಿಂದ ಹೇಳಿ ಕುಳಿತರು. ಸಭೆ ನಕ್ಕಿತು. ಅವರು ನಗಲಿಲ್ಲ.

ಅವರ ಲೆಕ್ಕ ಸರಿಯಾಗಿತ್ತು. ಬೇಸಿಗೆಯ ತಿಂಗಳುಗಳಲ್ಲಿ ಜರ್ಮನಿ ನಮಗಿಂತ ಮೂರೂವರೆ ಗಂಟೆ ಹಿಂದೆ, ಚಳಿಗಾಲದಲ್ಲಿ ನಾಲ್ಕೂವರೆ. ಅಲ್ಲಿ ಶುಕ್ರವಾರ ರಾತ್ರಿ ಹನ್ನೊಂದು ಗಂಟೆಗೆ ನಡೆದದ್ದು ಇಲ್ಲಿ ಶನಿವಾರ ನಸುಕಿನ ಎರಡೂವರೆ ಅಥವಾ ಮೂರೂವರೆಗೆ ತಿಳಿಯಬೇಕು. ಅಮೆರಿಕದ ಪೂರ್ವ ಕರಾವಳಿಯ ಶನಿವಾರ ರಾತ್ರಿ ನಮ್ಮ ಭಾನುವಾರ ಬೆಳಿಗ್ಗೆ, ಕಾಲೇಜಿಗೆ ಬೀಗ. ಹುಡುಗರು ತೊಂದರೆಗೆ ಸಿಲುಕುವ ಹೊತ್ತು ಯಾವುದೆಂದು ಊಹಿಸಲು ಸಂಶೋಧನೆ ಬೇಕಿಲ್ಲ, ವಾರಾಂತ್ಯದ ರಾತ್ರಿಗಳೇ ಹೆಚ್ಚು. (ಇದೇ ಹಾಸನದಲ್ಲಿ ಇಸ್ರೋದ ಮುಖ್ಯ ನಿಯಂತ್ರಣ ಕೇಂದ್ರ 1982ರಿಂದ ಭೂಸ್ಥಿರ ಉಪಗ್ರಹಗಳನ್ನು ಹಗಲು ರಾತ್ರಿ ಪಾಳಿಯಲ್ಲಿ ಕಾಯುತ್ತ ಬಂದಿದೆ. ಮಕ್ಕಳನ್ನು ಕಾಯಲು ಅಷ್ಟು ದೊಡ್ಡ ಏರ್ಪಾಡು ಬೇಕಿಲ್ಲ, ಪಾಳಿಯ ಕಲ್ಪನೆಯಾದರೂ ಇರಬೇಕು.)

ಹುದ್ದೆ ಬಂತು, ತರಬೇತಿ ಬರಲಿಲ್ಲ

ಅಮೆರಿಕದಲ್ಲಿ ಈ ಕೆಲಸಕ್ಕೆ ಒಂದು ವೃತ್ತಿಯ ರೂಪ ಬಂದು ದಶಕಗಳಾದವು. ವಿದೇಶಿ ವಿದ್ಯಾರ್ಥಿಗಳ ಸಲಹೆಗಾರರ ಸಂಘವಾಗಿ ನಾಫ್ಸಾ ಹುಟ್ಟಿದ್ದು 1948ರಲ್ಲಿ. ತಮ್ಮ ವಿದ್ಯಾರ್ಥಿಗಳನ್ನು ಹೊರಗೆ ಕಳಿಸುವವರಿಗಾಗಿಯೇ ಫೋರಂ ಆನ್ ಎಜುಕೇಶನ್ ಅಬ್ರಾಡ್ ಎಂಬ ಸಂಸ್ಥೆ 2001ರಲ್ಲಿ ಸ್ಥಾಪನೆಯಾಗಿ, ಆರೋಗ್ಯ, ಸುರಕ್ಷತೆ, ಸಿಬ್ಬಂದಿಯ ತರಬೇತಿಗಳನ್ನೊಳಗೊಂಡ ಮಾನದಂಡಗಳನ್ನು ರೂಪಿಸಿ ಕಾಲಕಾಲಕ್ಕೆ ಪರಿಷ್ಕರಿಸುತ್ತಿದೆ. ನಮ್ಮಲ್ಲಿ 2021ರಲ್ಲಿ ಯುಜಿಸಿ ಉನ್ನತ ಶಿಕ್ಷಣದ ಅಂತರರಾಷ್ಟ್ರೀಕರಣದ ಮಾರ್ಗಸೂಚಿ ಹೊರಡಿಸಿ ಅಂತರರಾಷ್ಟ್ರೀಯ ವ್ಯವಹಾರಗಳ ಕಚೇರಿ ತೆರೆಯಲು ಹೇಳಿತು; ಮರುವರ್ಷ ವಿದೇಶಿ ವಿಶ್ವವಿದ್ಯಾಲಯಗಳೊಂದಿಗೆ ಜಂಟಿ ಪದವಿ, ಅವಳಿ ಪದವಿ ನೀಡುವ ನಿಯಮಗಳೂ ಬಂದವು. ಬೋರ್ಡು ಬರೆಸುವುದು ಸುಲಭ, ಬರೆಸಿದೆವು. ಅದರ ಕೆಳಗೆ ಕೂರುವವರಿಗೆ ಏನು ತಿಳಿದಿರಬೇಕು ಎಂಬುದನ್ನು ಕೇಳುವವರು ಕಡಿಮೆ. ತರಬೇತಿ ಎಂದು ಈ ಕಡೆ ನಡೆಯುವುದು ಬಹುಪಾಲು ನಾಯಕತ್ವ ಶಿಬಿರಗಳು: ಒಬ್ಬ ಉತ್ಸಾಹಿ ಭಾಷಣಕಾರ, ಬಲೂನು ಒಡೆಯುವ ಆಟ, ಮಧ್ಯಾಹ್ನ ಹೋಳಿಗೆ ಊಟ, ಕೊನೆಗೆ ಪ್ರಮಾಣಪತ್ರದೊಂದಿಗೆ ಗುಂಪು ಫೋಟೋ. ಅಪಾಯ ನಿರ್ವಹಣೆ ಎಂದರೆ ಹಸಿರು, ಹಳದಿ, ಕೆಂಪು ಬಣ್ಣ ಬಳಿದ ಒಂದು ಕೋಷ್ಟಕ. ಅಡ್ಡಕ್ಕೆ ಸಂಭವ, ಉದ್ದಕ್ಕೆ ಪರಿಣಾಮ. ಆ ಕೋಷ್ಟಕ ತುಂಬಲು ಕೂತವರು ಭಯೋತ್ಪಾದನೆಯನ್ನು ಮೊದಲು ಬರೆಯುತ್ತಾರೆ. ರಸ್ತೆ ದಾಟುವುದನ್ನು ಯಾರೂ ಬರೆಯುವುದಿಲ್ಲ. ಹುಟ್ಟಿದಾರಭ್ಯ ಮೊದಲು ಬಲಕ್ಕೆ ನೋಡಿ ರಸ್ತೆ ದಾಟಿದ ಹಾಸನದ ಹುಡುಗ ಬರ್ಲಿನ್ನಿನಲ್ಲೂ ಬಾಸ್ಟನ್ನಿನಲ್ಲೂ ಮೊದಲು ಬಲಕ್ಕೇ ನೋಡುತ್ತಾನೆ; ಅಲ್ಲಿ ವಾಹನ ಬರುವುದು ಎಡದಿಂದ. ಪ್ರವಾಸಿಗರ ಸಾವುನೋವಿಗೆ ರಸ್ತೆ ಅಪಘಾತವೇ ಮುಖ್ಯ ಕಾರಣಗಳಲ್ಲಿ ಒಂದೆಂಬುದು ಹೊಸ ವಿಷಯವಲ್ಲ. ನೀರು, ಮದ್ಯ, ಒಂಟಿತನ, ಬಾಡಿಗೆ ಮನೆಯ ಮೋಸ ಇವೆಲ್ಲ ಅದರ ನಂತರದ ಸಾಲಿನಲ್ಲಿ ಬರುತ್ತವೆ.

ಊರಿನವರಿಗೆ ಸಹಜವೆನಿಸುವ ಅಪಾಯವೇ ಹೊರಗಿನವರ ಪಾಲಿಗೆ ಮಾರಕವಾಗಬಹುದು ಎಂಬುದಕ್ಕೆ ನಾನು ಯಾವಾಗಲೂ ಕೊಡುವ ಉದಾಹರಣೆ ಅಮೆರಿಕದ ಒಂದು ಮೊಕದ್ದಮೆ. 2007ರ ಬೇಸಿಗೆಯಲ್ಲಿ ಕನೆಕ್ಟಿಕಟ್ ರಾಜ್ಯದ ಖಾಸಗಿ ವಸತಿ ಶಾಲೆಯೊಂದು ತನ್ನ ಮಕ್ಕಳನ್ನು ಭಾಷಾ ಕಲಿಕೆಗೆಂದು ಚೀನಾಕ್ಕೆ ಕಳಿಸಿತು. ಒಂದು ದಿನ ತಿಯಾನ್‌ಜಿನ್ ಬಳಿಯ ಬೆಟ್ಟವೊಂದಕ್ಕೆ ಕರೆದೊಯ್ದಾಗ ಹದಿನೈದರ ಹುಡುಗಿಯೊಬ್ಬಳು ಕಾಡುಹಾದಿಯಲ್ಲಿ ಇಳಿದು ಬಂದಳು. ಉಣುಗು ಕಚ್ಚಿ ಮಿದುಳಿನ ಉರಿಯೂತವಾಗಿ ಮಾತನ್ನೇ ಕಳೆದುಕೊಂಡಳು. ಕೀಟ ನಿವಾರಕ ಹಚ್ಚಿಕೊಳ್ಳಿ ಎಂದು ಶಾಲೆಯವರು ಎಚ್ಚರಿಸಿರಲಿಲ್ಲ. ತೀರ್ಪುಗಾರರ ಮಂಡಳಿ ನಾಲ್ಕು ಕೋಟಿ ಡಾಲರಿಗೂ ಹೆಚ್ಚಿನ ಪರಿಹಾರ ಗೊತ್ತುಮಾಡಿತು. 2017ರಲ್ಲಿ ಕನೆಕ್ಟಿಕಟ್‌ನ ಸುಪ್ರೀಂ ಕೋರ್ಟ್, ಮಕ್ಕಳನ್ನು ಹೊರದೇಶಕ್ಕೆ ಕರೆದೊಯ್ಯುವ ಶಾಲೆಗೆ ಕೀಟಗಳಿಂದ ಹರಡುವ ಗಂಭೀರ ರೋಗಗಳ ಬಗ್ಗೆ ಎಚ್ಚರಿಸುವ ಅಥವಾ ಅವುಗಳಿಂದ ಕಾಪಾಡುವ ಕರ್ತವ್ಯವಿದೆ ಎಂದು ಹೇಳಿತು. ಇದನ್ನು ಓದಿದ ಮಲೆನಾಡಿನವರಿಗೆ ತಟ್ಟನೆ ನೆನಪಾಗುವುದು ಮಂಗನ ಕಾಯಿಲೆ. 1957ರಲ್ಲಿ ಶಿವಮೊಗ್ಗ ಜಿಲ್ಲೆಯ ಕ್ಯಾಸನೂರಿನಲ್ಲಿ ಗುರುತಿಸಿದ ಆ ವೈರಸ್ಸು ಚೀನಾದ ಆ ಉಣುಗಿನ ವೈರಸ್ಸಿನ ಹತ್ತಿರದ ಸಂಬಂಧಿ. ಕೊಪ್ಪ, ಎನ್.ಆರ್. ಪುರದ ಕಡೆ ಬೇಸಿಗೆಯಲ್ಲಿ ಸೊಪ್ಪಿಗೆ, ಸೌದೆಗೆ ಕಾಡಿಗೆ ಹೋಗುವವರು ಕೈಕಾಲಿಗೆ ಡೆಪಾ ಎಣ್ಣೆ ಬಳಿದುಕೊಳ್ಳುತ್ತಾರೆ, ಮಂಗ ಸತ್ತು ಬಿದ್ದಿದೆಯೆಂದರೆ ಆ ದಿಕ್ಕಿಗೇ ಹೋಗುವುದಿಲ್ಲ. ಬೇರೆ ದೇಶದ ವಿದ್ಯಾರ್ಥಿಗಳು ನಮ್ಮ ಕಡೆಗೆ ಕಾಫಿ, ಕಾಡು, ಹೊಯ್ಸಳ ದೇಗುಲ ಎಂದು ಅಧ್ಯಯನಕ್ಕೆ ಬರುವುದು ಹೆಚ್ಚಿದೆ. 2023ರಲ್ಲಿ ಬೇಲೂರು, ಹಳೇಬೀಡು, ಸೋಮನಾಥಪುರಗಳು ವಿಶ್ವ ಪರಂಪರೆಯ ಪಟ್ಟಿ ಸೇರಿದ ಮೇಲಂತೂ ವಿಚಾರಣೆಯ ಪತ್ರಗಳು ಬರುತ್ತಲೇ ಇವೆ. ಅವರಿಗೆ ಚಾರಣದ ಹಿಂದಿನ ಸಂಜೆ ಉಣುಗಿನ ಮಾತು ಹೇಳಬೇಕಾದವರು ಯಾರು? ಜೀಪು ಓಡಿಸುವವರಿಗೆ ಅದು ಗೊತ್ತು, ಕಾರ್ಯಕ್ರಮ ಬರೆಯುವವರಿಗೆ ಬಹುಶಃ ಗೊತ್ತಿಲ್ಲ. ತಿಳಿವಳಿಕೆ ಒಂದು ಕಡೆ, ಅಧಿಕಾರ ಇನ್ನೊಂದು ಕಡೆ ಇರುವುದೇ ಇಲ್ಲಿನ ಮೂಲ ತೊಡಕು ಎಂದು ನನಗೆ ಅನ್ನಿಸತೊಡಗಿದ್ದು ಮುಂದೆ ಹೇಳುವ ತರಬೇತಿಯಲ್ಲಿ.

ಚೀಟಿಗಳ ಆಟ

ಹಾಸನದಲ್ಲೇ, ಒಂದು ಹೋಟೆಲಿನ ಸಣ್ಣ ಸಭಾಂಗಣದಲ್ಲಿ, ಸುತ್ತಲಿನ ಕೆಲವು ಕಾಲೇಜುಗಳ ಅಧ್ಯಾಪಕರು, ಕಚೇರಿ ಸಿಬ್ಬಂದಿ ಮತ್ತು ವಿದೇಶ ವ್ಯಾಸಂಗದ ಕನ್ಸಲ್ಟೆನ್ಸಿ ನಡೆಸುವ ಇಬ್ಬರು ಸೇರಿದ್ದ ಒಂದು ದಿನದ ತರಬೇತಿ ಅದು. ನಡೆಸಿಕೊಟ್ಟವರು ಭಾಷಣ ಮಾಡಲಿಲ್ಲ. ನಮ್ಮನ್ನು ಮೇಜಿನ ಸುತ್ತ ಕೂರಿಸಿ ಮೊದಲ ಚೀಟಿ ಓದಿದರು: ಶನಿವಾರ, ಹಾಸನದಲ್ಲಿ ನಸುಕಿನ ಎರಡೂವರೆ, ಜರ್ಮನಿಯಿಂದ ನಿಮ್ಮ ವಿದ್ಯಾರ್ಥಿಯ ಕರೆ, ಅವನ ರೂಮ್‌ಮೇಟ್ ಸಂಜೆ ಸೈಕಲ್ ತೆಗೆದುಕೊಂಡು ಹೋದವನು ಮರಳಿಲ್ಲ, ಫೋನ್ ಸ್ವಿಚ್ ಆಫ್. ನೀವು ಮೊದಲು ಏನು ಮಾಡುತ್ತೀರಿ? ಮೇಜಿನ ಸುತ್ತ ಒಂದೇ ಉತ್ತರ ಬಂತು, ಪ್ರಿನ್ಸಿಪಾಲರಿಗೆ ತಿಳಿಸುತ್ತೇವೆ. ಅವರು ಇನ್ನೊಂದು ಚೀಟಿ ಬಿಡಿಸಿದರು: ಪ್ರಿನ್ಸಿಪಾಲರು ಫೋನ್ ಎತ್ತಲಿಲ್ಲ. ನಗು ಎದ್ದಿತು. ಕಾರ್ಯದರ್ಶಿಗೆ ತಿಳಿಸುತ್ತೇವೆ ಎಂದರು ಒಬ್ಬರು. ಕಾರ್ಯದರ್ಶಿಗಳು ತಿರುಪತಿಗೆ ಹೋಗಿದ್ದಾರೆ ಎಂದಿತ್ತು ಮುಂದಿನ ಚೀಟಿ. ಆಮೇಲೆ ಯಾರೂ ನಗಲಿಲ್ಲ, ಏಕೆಂದರೆ ಚೀಟಿಗಳು ಬರುತ್ತಲೇ ಇದ್ದವು. ಅರಸೀಕೆರೆಯಿಂದ ಹುಡುಗನ ತಾಯಿಯ ಫೋನ್. ಮಗನ ಗೆಳೆಯನ ವಾಟ್ಸ್‌ಆಪ್ ನೋಡಿ ಗಾಬರಿಯಾಗಿದ್ದಾರೆ. ಟಿವಿ ಚಾನೆಲಿನ ವರದಿಗಾರ ಹುಡುಗನ ಫೋಟೋ ಕೇಳುತ್ತಿದ್ದಾನೆ. ಕೊನೆಗೆ ಆಸ್ಪತ್ರೆಯ ಸುದ್ದಿ: ಸೈಕಲ್ ಬಿದ್ದು ಕಾಲು ಮುರಿದಿದೆ, ಪ್ರಾಣಾಪಾಯವಿಲ್ಲ, ವಿಮೆಯ ನಂಬರ್ ಬೇಕು.

ವಿಮೆಯ ನಂಬರ್ ಎಲ್ಲಿದೆ? ಫೈಲಿನಲ್ಲಿ. ಫೈಲ್ ಬೀರುವಿನಲ್ಲಿ. ಬೀರುವಿನ ಕೀಲಿ ಅಟೆಂಡರ್ ಬಳಿ, ಅವರು ಶನಿವಾರ ಊರಿಗೆ ಹೋಗುತ್ತಾರೆ. ಒಂದಲ್ಲ, ಹಲವು ಕಾಲೇಜಿನವರು ಇದೇ ಉತ್ತರವನ್ನು ಅಷ್ಟಿಷ್ಟು ಬದಲಿಸಿ ಹೇಳಿದರು. ಆಗ ಅದುವರೆಗೆ ಬಾಯಿ ತೆರೆಯದೆ ಕುಳಿತಿದ್ದ ಒಬ್ಬ ಎಸ್‌ಡಿಎ (ದ್ವಿತೀಯ ದರ್ಜೆ ಸಹಾಯಕ), ತಮ್ಮ ಮೊಬೈಲ್ ತೆಗೆದು ಮೇಜಿನ ಮೇಲಿಟ್ಟರು. "ನನ್ನ ಹತ್ರ ಎಲ್ಲರದ್ದೂ ಇದೆ ಸಾರ್. ಪಾಸ್‌ಪೋರ್ಟು, ವಿಮೆ, ಅಲ್ಲಿನ ಮನೆ ವಿಳಾಸ. ಮಕ್ಕಳು ರಾತ್ರಿ ಫೋನ್ ಮಾಡೋದು ನನಗೇ ಅಲ್ವಾ" ಎಂದರು. ಅವರಾದರೆ ಏನು ಮಾಡುತ್ತಿದ್ದರು ಎಂದು ಕೇಳಿದಾಗ ಒಂದೊಂದಾಗಿ ಹೇಳಿದರು: ಕರೆ ಮಾಡಿದ ಹುಡುಗನಿಗೆ 112ಕ್ಕೆ ಫೋನ್ ಮಾಡಲು ಹೇಳುವುದು, ಅಲ್ಲಿನ ವಿಶ್ವವಿದ್ಯಾಲಯದ ಸಂಪರ್ಕಾಧಿಕಾರಿಗೆ ಫೋನ್ ಮಾಡುವುದು, ಬೇರೆಯವರಿಂದ ತಿಳಿಯುವ ಮೊದಲು ತಾಯಿಗೆ ತಾವೇ ಫೋನ್ ಮಾಡಿ ಗೊತ್ತಿರುವಷ್ಟನ್ನು ಮಾತ್ರ ಹೇಳುವುದು, ಯಾರು ಎಷ್ಟು ಹೊತ್ತಿಗೆ ಏನೆಂದರು ಎಂಬುದನ್ನು ಡೈರಿಯಲ್ಲಿ ಬರೆದಿಡುವುದು. "ಆದ್ರೆ ಇದೆಲ್ಲ ಮಾಡೋಕೆ ನನಗೆ ಅಧಿಕಾರ ಇಲ್ಲ. ತಪ್ಪಾದ್ರೆ ನನ್ನನ್ನೇ ಕೇಳ್ತಾರೆ" ಎಂದು ಕೊನೆಯಲ್ಲಿ ಸೇರಿಸಿದರು. ವಿದ್ಯಾರ್ಥಿಗಳ ಪಾಸ್‌ಪೋರ್ಟನ್ನು ಸ್ವಂತ ಮೊಬೈಲಿನಲ್ಲಿ ಇಟ್ಟುಕೊಳ್ಳುವುದು ಅದೂ ಒಂದು ಅಪಾಯವೇ ಎಂದು ತರಬೇತುದಾರರು ಹೇಳಿದ್ದು ಸರಿ. ಅವರು ಅದನ್ನು ಹಾಗೆ ಇಟ್ಟುಕೊಳ್ಳಬೇಕಾದ ಸ್ಥಿತಿಯನ್ನು ತಂದಿಟ್ಟವರು ಮಾತ್ರ ಬೀರುವಿಗೆ ಬೀಗ ಹಾಕಿದವರು.

ಆ ಮಧ್ಯಾಹ್ನದಿಂದ ನನ್ನ ತಲೆಯಲ್ಲಿ ನಾಯಕತ್ವ ಮತ್ತು ಅಪಾಯ ನಿರ್ವಹಣೆ ಎರಡು ಬೇರೆ ವಿಷಯಗಳಾಗಿ ಉಳಿಯಲಿಲ್ಲ. ಮೇಲಿನವರು ಸಿಗದ ಹೊತ್ತಿನಲ್ಲಿ ಕೆಳಗಿನವರು ಏನನ್ನು ಕೇಳದೆ ಮಾಡಬಹುದು ಎಂಬುದನ್ನು ಮೊದಲೇ ಬರೆದುಕೊಡುವುದು ನಾಯಕನ ಕೆಲಸ. ಅದು ಆಗಿದ್ದರೆ ಅಪಾಯ ನಿರ್ವಹಣೆಯ ಅರ್ಧ ಕೆಲಸ ಆದಂತೆ. ಇದನ್ನು ಹೇಳಲು ಮ್ಯಾನೇಜ್‌ಮೆಂಟ್ ಗುರುಗಳೇ ಬೇಕಿಲ್ಲ. ಸಕಲೇಶಪುರ, ಆಲೂರು, ಬೇಲೂರಿನ ತೋಟಗಳಲ್ಲಿ ಬೆಳಗಾಗುತ್ತಲೇ ಆನೆ ಎಲ್ಲಿದೆ ಎಂಬ ಸಂದೇಶ ಅರಣ್ಯ ಇಲಾಖೆಯವರಿಂದ ವಾಟ್ಸ್‌ಆಪ್ ಗುಂಪಿಗೆ ಬರುತ್ತದೆ. ಆನೆಗಳ ಹಿಂಡು ತೋಟದ ಪಕ್ಕದಲ್ಲಿದೆ ಎಂದು ಕಂಡರೆ ತೋಟದ ಕೆಲಸ ನೋಡಿಕೊಳ್ಳುವ ರೈಟರ್ ಆಳುಗಳನ್ನು ಅಲ್ಲಿಂದಲೇ ತಿರುಗಿಸುತ್ತಾನೆ. ಬೆಂಗಳೂರಿನಲ್ಲಿರುವ ಯಜಮಾನರಿಗೆ ಸುದ್ದಿ ಮುಟ್ಟುವುದು ತಿಂಡಿ ಹೊತ್ತಿಗೆ. ಆ ದಿನದ ಕೆಲಸ ಹಾಳಾಯಿತೆಂದು ಯಾವ ಯಜಮಾನರೂ ರೈಟರನ್ನು ಬಯ್ಯುವುದಿಲ್ಲ, ಆನೆ ಬರದಿದ್ದ ದಿನವೂ. ಹೆಚ್ಚು ಓದಿದವರೇ ತುಂಬಿರುವ ಕಾಲೇಜಿನಲ್ಲಿ ಇಷ್ಟು ನಂಬಿಕೆ ಏಕೆ ಸಾಧ್ಯವಾಗುವುದಿಲ್ಲವೋ ತಿಳಿಯದು.

ಹೊರಡು ಎಂದು ಹೇಳುವ ಹೊತ್ತು

ಮೊದಲೇ ನಿರ್ಧರಿಸಿಡಬೇಕಾದ ಇನ್ನೊಂದು ಸಂಗತಿಯನ್ನು 2022 ಕಲಿಸಿತು. ಉಕ್ರೇನಿನಲ್ಲಿದ್ದ ಭಾರತೀಯರು, ಅದರಲ್ಲೂ ವಿದ್ಯಾರ್ಥಿಗಳು, ಅಗತ್ಯವಿಲ್ಲದಿದ್ದರೆ ತಾತ್ಕಾಲಿಕವಾಗಿ ದೇಶ ಬಿಡುವುದನ್ನು ಪರಿಶೀಲಿಸಬೇಕೆಂದು ಕೀವ್‌ನ ನಮ್ಮ ರಾಯಭಾರ ಕಚೇರಿ ಫೆಬ್ರವರಿ 15ರಂದು ಸೂಚಿಸಿತು. ಯುದ್ಧ ಶುರುವಾದದ್ದು 24ರಂದು. ಆ ನಡುವಿನ ದಿನಗಳಲ್ಲಿ ಅನೇಕರು ಹೊರಡಲಿಲ್ಲ. ತರಗತಿಗಳು ನೇರವಾಗಿಯೇ ನಡೆಯುತ್ತಿದ್ದವು, ಹಾಜರಿ ತಪ್ಪಿದರೆ ವರ್ಷ ಹೋಗುವ ಭಯ, ವಿಮಾನದ ದರವೂ ಏರಿತ್ತು. ಮಾರ್ಚ್ 1ರಂದು ಖಾರ್ಕಿವ್‌ನಲ್ಲಿ ಹಾವೇರಿ ಜಿಲ್ಲೆಯ ವೈದ್ಯಕೀಯ ವಿದ್ಯಾರ್ಥಿಯೊಬ್ಬ ಶೆಲ್ ದಾಳಿಗೆ ಬಲಿಯಾದ. ಆಪರೇಷನ್ ಗಂಗಾ ಸಾವಿರಾರು ಮಕ್ಕಳನ್ನು ಮನೆ ಮುಟ್ಟಿಸಿತು ಎಂಬುದು ಸತ್ಯ; ಆ ಒಂಬತ್ತು ದಿನ ಎಲ್ಲರೂ ಒಂದೇ ದನಿಯಲ್ಲಿ "ಹೊರಡು" ಎಂದು ಮಕ್ಕಳಿಗೆ ಹೇಳಲಿಲ್ಲ ಎಂಬುದೂ ಅಷ್ಟೇ ಸತ್ಯ. ರಾಯಭಾರ ಕಚೇರಿ ಮೊದಲು ಪರಿಶೀಲಿಸಿ, ಆಮೇಲೆ ಹೊರಡಿ ಎನ್ನುತ್ತದೆ, ವಿಶ್ವವಿದ್ಯಾಲಯ ತರಗತಿ ಇದೆ ಎನ್ನುತ್ತದೆ, ಏಜೆಂಟರು ಏನೂ ಆಗುವುದಿಲ್ಲ ಎನ್ನುತ್ತಾರೆ, ತಂದೆತಾಯಿ ಟಿವಿ ನೋಡುತ್ತಾರೆ. ಯಾವ ಸೂಚನೆ ಬಂದರೆ ನಾವು ಮರಳಿ ಕರೆಸುತ್ತೇವೆ, ಟಿಕೆಟ್ಟಿನ ಹಣ ಯಾರು ಕೊಡುತ್ತಾರೆ, ತಪ್ಪಿದ ಪಾಠಕ್ಕೆ ಏನು ದಾರಿ ಎಂಬ ಮೂರನ್ನು ಶಾಂತವಾಗಿರುವ ದಿನವೇ ಬರೆದಿಟ್ಟಿರದಿದ್ದರೆ, ಗಲಾಟೆಯ ದಿನ ಎಲ್ಲರೂ ಇನ್ನೊಬ್ಬರ ಮುಖ ನೋಡುತ್ತಾರೆ.

ತರಬೇತಿಯಲ್ಲಿ ನಾನು ಹೆಚ್ಚು ಹೊತ್ತು ಬಯಸುವುದು ಫೋನಿನ ಮಾತಿಗೆ. ಅಮೆರಿಕದಲ್ಲಿ 1974ರ ಫೆರ್ಪಾ ಕಾಯಿದೆಯ ಪ್ರಕಾರ ಹದಿನೆಂಟು ದಾಟಿದ ಅಥವಾ ಕಾಲೇಜು ಸೇರಿದ ವಿದ್ಯಾರ್ಥಿಯ ದಾಖಲೆಗಳ ಮೇಲಿನ ಹಕ್ಕು ವಿದ್ಯಾರ್ಥಿಯದೇ ಆಗುತ್ತದೆ; ತಂದೆ ಕೇಳಿದರೂ ವಿಶ್ವವಿದ್ಯಾಲಯ ಎಲ್ಲವನ್ನೂ ಹೇಳಬೇಕಿಲ್ಲ, ಆರೋಗ್ಯ ಅಥವಾ ಪ್ರಾಣದ ತುರ್ತಿನಂಥ ಕೆಲವು ಸಂದರ್ಭಗಳಲ್ಲಿ ವಿದ್ಯಾರ್ಥಿಯ ಒಪ್ಪಿಗೆಯಿಲ್ಲದೆಯೂ ಹೇಳಲು ಅವಕಾಶವಿದೆ. ಚನ್ನರಾಯಪಟ್ಟಣದ ತಾಯಿಗೆ ಇದು ಅರ್ಥವಾಗುವುದಿಲ್ಲ, ಅರ್ಥವಾಗಬೇಕೆಂದು ನಿರೀಕ್ಷಿಸುವುದೂ ತಪ್ಪು. ಮಗಳು ಮಂಕಾಗಿದ್ದಾಳೆ, ವಾರದಿಂದ ತರಗತಿಗೆ ಹೋಗಿಲ್ಲ ಎಂದು ಅಲ್ಲಿನ ಸಲಹೆಗಾರರು ನಮಗೆ ಗುಟ್ಟಾಗಿ ತಿಳಿಸಿದಾಗ ತಾಯಿಗೆ ಎಷ್ಟು ಹೇಳಬೇಕು, ಮಗಳ ಒಪ್ಪಿಗೆಯನ್ನು ಯಾವಾಗ ಕೇಳಬೇಕು ಎಂಬುದಕ್ಕೆ ಕೋಷ್ಟಕದಲ್ಲಿ ಉತ್ತರವಿಲ್ಲ. ಹೊರಡುವ ಮೊದಲೇ ವಿದ್ಯಾರ್ಥಿ ಮತ್ತು ಪೋಷಕರನ್ನು ಒಟ್ಟಿಗೆ ಕೂರಿಸಿ, ಯಾವ ಸಂದರ್ಭದಲ್ಲಿ ಯಾರಿಗೆ ಹೇಳಬಹುದು ಎಂದು ಮಕ್ಕಳಿಂದಲೇ ಬರೆಸಿಕೊಳ್ಳುವುದು ನಾನು ಕಂಡ ಉತ್ತಮ ದಾರಿ. ಆ ಕಾಗದಕ್ಕೆ ನೋಟರಿ ಬೇಡ. ಉಳಿದದ್ದು ಅಭ್ಯಾಸ: ಇಬ್ಬರು ಎದುರುಬದುರು ಕೂತು, ಒಬ್ಬರು ತಾಯಿಯಾಗಿ ಅತ್ತು ಕೂಗಾಡಿ, ಇನ್ನೊಬ್ಬರು ಸುಳ್ಳು ಭರವಸೆ ಕೊಡದೆ ಮಾತು ಮುಗಿಸುವುದನ್ನು ಮತ್ತೆ ಮತ್ತೆ ಮಾಡಿ ನೋಡುವುದು. "ಏನೂ ಆಗಲ್ಲ, ಧೈರ್ಯವಾಗಿರಿ" ಎಂಬುದು ನಮ್ಮ ನಾಲಿಗೆಗೆ ತಾನಾಗಿ ಬರುವ ಮಾತು. ಅದನ್ನು ನುಂಗಿ "ಇನ್ನು ಒಂದು ಗಂಟೆಗೆ ನಾನೇ ಫೋನ್ ಮಾಡ್ತೀನಿ" ಎಂದು ಹೇಳಿ, ಸುದ್ದಿ ಇಲ್ಲದಿದ್ದರೂ ಆ ಹೊತ್ತಿಗೆ ಸರಿಯಾಗಿ ಫೋನ್ ಮಾಡಲು ಕಲಿಯುವುದು ಅಷ್ಟು ಸುಲಭವಲ್ಲ.

ಈ ವರ್ಷ ನಾವು ಒಂದು ಪ್ರಸ್ತಾವ ಇಟ್ಟಿದ್ದೇವೆ. ವಿಭಾಗಕ್ಕೆ ಒಂದು ಮೊಬೈಲ್, ವಾರಕ್ಕೊಬ್ಬರಂತೆ ಅದನ್ನು ಮನೆಗೆ ಒಯ್ಯುವುದು, ದಾಖಲೆಗಳೆಲ್ಲ ಪಾಸ್‌ವರ್ಡ್ ಇರುವ ಕಾಲೇಜಿನ ಖಾತೆಯಲ್ಲಿ. ಮೊಬೈಲಿಗೆ ಮಂಜೂರಾತಿ ತಡವಾಗಲಿಲ್ಲ. ಅದನ್ನು ಹಿಡಿದಿರುವವರು, ಹುದ್ದೆ ಯಾವುದೇ ಇರಲಿ, ಯಾರನ್ನೂ ಕೇಳದೆ ರಾಯಭಾರ ಕಚೇರಿಗೆ, ಪೊಲೀಸರಿಗೆ, ಪೋಷಕರಿಗೆ ಮಾತನಾಡಬಹುದು ಮತ್ತು ಒಂದು ಮಿತಿಯೊಳಗೆ ಹಣ ಖರ್ಚು ಮಾಡಬಹುದು ಎಂಬ ಆದೇಶದ ಕರಡು ಮಾತ್ರ ಲೆಕ್ಕಪತ್ರ ವಿಭಾಗದಲ್ಲಿ ನಿಂತಿದೆ. ಗುಮಾಸ್ತರಿಗೆ ಹಣದ ಅಧಿಕಾರ ಕೊಟ್ಟರೆ ಆಡಿಟ್ ಆಕ್ಷೇಪ ಬರುತ್ತದೆ ಎಂಬುದು ಅವರ ವಾದ. ಆಕ್ಷೇಪ ಬಂದರೆ ಉತ್ತರಿಸಲು ಹಗಲಿನ ಹೊತ್ತು ಬೇಕಾದಷ್ಟಿದೆ ಎಂಬುದು ನನ್ನದು. ರಾತ್ರಿ ಎದ್ದವರಿಗೆ ಮರುದಿನ ರಜೆ ಎಂಬ ಇನ್ನೊಂದು ಸಾಲಿನ ಬಗ್ಗೆಯೂ ಚರ್ಚೆ ನಡೆದಿದೆ, ಅದನ್ನು ಒಪ್ಪುವ ಲಕ್ಷಣ ಕಾಣುತ್ತಿದೆ. ಜರ್ಮನಿಯ ಚಳಿಗಾಲದ ಸೆಮಿಸ್ಟರ್ ಅಕ್ಟೋಬರಿನಲ್ಲಿ ಶುರುವಾಗುವುದರಿಂದ ನಮ್ಮ ಮುಂದಿನ ತಂಡ ಸೆಪ್ಟೆಂಬರಿನಲ್ಲೇ ಹೊರಡಬೇಕು. ಆದೇಶಕ್ಕೆ ಸಹಿ ಬೀಳದೆ ಯಾರಿಗೂ ಪಾಳಿ ಹಾಕುವುದಿಲ್ಲ, ಅಲ್ಲಿಯವರೆಗೆ ಮೊಬೈಲ್ ಪ್ರಿನ್ಸಿಪಾಲರ ಮನೆಯಲ್ಲೇ ಇರಲಿ ಎಂದು ನಾನು ಕಡತದಲ್ಲಿ ಬರೆದಿದ್ದೇನೆ.